ಹಾಸ್ಟೆಲ್ಲೋ, ಅನಾಥಾಶ್ರಮವೋ?

ತುಂಬಾ ದಿನದಿಂದ ಬ್ಲಾಗಿನ ಕಡೆ ತಲೆ ಹಾಕಿರಲಿಲ್ಲ. ಒಂದು ರಿಲೀಸು, ಅದಾದ ಮೇಲೆ ಬಗ್ಗುಗಳು, ಅದಾದ ಮೇಲೆ ಮತ್ತೊಂದು ರಿಲೀಸು... ನಿಮಗೆಲ್ಲ ಗೊತ್ತಿದ್ದದ್ದೇ. ಇವತ್ತು ಬರೆಯೋಕೆ ಕೂತಿದ್ದು ಒಬ್ಬ ಹುಡುಗನಿಂದಾಗಿ.

ಕಳೆದ ವರ್ಷ ನಮ್ಮ ಟೀಮಿನವರು ದುಡ್ಡು ಸೇರಿಸಿ ಬೆಂಗಳೂರಿನ ಹೊರವಲಯದ ಒಂದು ಅನಾಥಾಶ್ರಮಕ್ಕೆ ಹೋಗಿದ್ದೆವು. (ಹೆಸರು ಬೇಡ, ಇಲ್ಲಿ ಅದು ಮುಖ್ಯ ಅಲ್ಲ.) ಅಕ್ಕಿ ಮೂಟೆ, ನೋಟ್‌ಬುಕ್ಕು, ಒಂದು ಕೇಕು, ಆಮೇಲೆ ಎಲ್ಲರೂ ನಿಂತು ಒಂದು ಫೋಟೋ. ಮಕ್ಕಳು ಸಾಲಾಗಿ ಕೂತು ಪ್ರಾರ್ಥನೆ ಹೇಳಿದರು. ಊಟಕ್ಕೆ ಕೂತಾಗ ನನ್ನ ಪಕ್ಕದ ಹುಡುಗ, ಎಂಟೊಂಬತ್ತು ವರ್ಷ ಇರಬಹುದು, "ಅಣ್ಣಾ, ಇನ್ನೊಂಚೂರು ಸಾರು ಹಾಕಂದ್ರ ಹಾಕ್ತಾರೇನ್ರಿ?" ಅಂದ. ಆ "ಹಾಕಂದ್ರ" ಕೇಳಿದ್ದೇ ತಡ, ನನ್ನ ಕಿವಿ ನೆಟ್ಟಗಾಯಿತು.

"ಯಾವೂರಪಾ ನಿಂದು?"

"ಹಡಗ್ಲಿ ಕಡೀಗೆ ರೀ."

"ಮನ್ಯಾಗ ಯಾರ್ ಅದಾರ?"

"ಅವ್ವ ಅದಾಳ್ರಿ. ಇಲ್ಲೇ ಬೆಂಗ್ಳೂರಾಗ ಬಿಲ್ಡಿಂಗ್ ಕೆಲ್ಸ ಮಾಡ್ತಾಳ."

ಗೇಟಿನ ಮೇಲೆ ದೊಡ್ಡದಾಗಿ "ಅನಾಥಾಶ್ರಮ" ಅಂತ ಬೋರ್ಡು. ಇವನಿಗೆ ಅವ್ವ ಇದ್ದಾಳೆ. ಹೊರಡುವಾಗ ಅಲ್ಲಿನ ಮ್ಯಾನೇಜರರನ್ನು ನೋಂದಣಿ ಪತ್ರದ ಜೆರಾಕ್ಸ್ ಇದ್ದರೆ ಕೊಡಿ ಅಂತ ಕೇಳಿದೆ. ಆಫೀಸಿನಲ್ಲಿ ಕೊಡಬೇಕಿತ್ತು, ಬೇರೆ ಉದ್ದೇಶ ಇರಲಿಲ್ಲ. ಅವರು ನಗುತ್ತಾ, "ಅದೆಲ್ಲ ಅನಾಥಾಶ್ರಮಗಳಿಗೆ ಸಾರ್, ಇದು ಹಾಸ್ಟೆಲ್ಲು" ಅಂದರು. ನಾನು ಬೋರ್ಡಿನ ಕಡೆ ನೋಡಿದೆ. ಅವರೂ ನೋಡಿದರು. ಮಾತು ಅಲ್ಲಿಗೆ ಮುಗಿಯಿತು.

ಆವತ್ತಿನಿಂದ ತಲೆಯಲ್ಲಿ ಒಂದೇ ಪ್ರಶ್ನೆ. ಬೇರೆಯವರ ಮಕ್ಕಳನ್ನು ಇಟ್ಟುಕೊಂಡು ಸಾಕುವ ಮನೆಯೊಳಗೆ ಸರ್ಕಾರ ಕಾಲಿಡಲು ಶುರು ಮಾಡಿದ್ದು ಯಾವಾಗ? ಯಾವ ಬಾಗಿಲು ಇವತ್ತಿಗೂ ಮುಚ್ಚಿದೆ? ಎಂಜಿನಿಯರಿಂಗ್ ಓದಿದವನಿಗೆ ಕಾನೂನು ಅರ್ಥವಾಗುವುದು ಕಷ್ಟ ಅಂದುಕೊಂಡಿದ್ದೆ. ಹಾಗೇನಿಲ್ಲ, ಹಳೇ ಕೋಡು ಓದಿದ ಹಾಗೇ ಇದೆ. ಒಬ್ಬ ಬರೆದದ್ದರ ಮೇಲೆ ಇನ್ನೊಬ್ಬ ತೇಪೆ ಹಾಕಿದ್ದಾನೆ, ಹಳೆಯದನ್ನು ಅಳಿಸೋಕೆ ಯಾರಿಗೂ ಧೈರ್ಯ ಬಂದಿಲ್ಲ.

ನಮ್ಮೂರು ಹಿರೇಹಡಗಲಿ ಇತಿಹಾಸದ ಪುಸ್ತಕಗಳಲ್ಲಿ ಕಾಣಿಸುವುದು ಎರಡು ಕಾರಣಕ್ಕೆ. ಒಂದು ಚಾಲುಕ್ಯರ ಕಾಲದ ಕಲ್ಲೇಶ್ವರ ದೇವಸ್ಥಾನ. ಇನ್ನೊಂದು ಇಲ್ಲಿ ಸಿಕ್ಕ ಪಲ್ಲವ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಶಾಸನ. ಕಂಚಿಯಿಂದ ಹೊರಟ ಆ ಆಜ್ಞೆಯಲ್ಲಿ ರಾಜ ತನ್ನ ಅಧಿಕಾರಿಗಳಿಗೆ ಹೇಳುವುದಿಷ್ಟು: ದಾನ ಕೊಟ್ಟ ಈ ಊರಿಗೆ ಇಂತಿಂಥ ವಿನಾಯಿತಿಗಳಿವೆ, ಇಲ್ಲಿ ನೀವು ಕೈ ಹಾಕಬೇಡಿ. ಸಾವಿರದ ಆರುನೂರು ವರ್ಷಕ್ಕೂ ಹಿಂದಿನ ಮಾತು. ಧರ್ಮಕ್ಕೆ ಬಿಟ್ಟದ್ದರೊಳಗೆ ಅಧಿಕಾರಿ ಬರಬಾರದು ಅನ್ನುವುದು ನಮ್ಮಲ್ಲಿ ಎಷ್ಟು ಹಳೆಯ ಸಂಪ್ರದಾಯ ಅಂತ ಇದನ್ನು ಹೇಳಿದೆ, ಅಷ್ಟೆ.

ಬ್ರಿಟಿಷರ ಕಾಲಕ್ಕೆ ಬರೋಣ. ಅನಾಥ ಮಕ್ಕಳ ಬಗ್ಗೆ ಇಲ್ಲಿ ಬಂದ ಮೊದಲ ಕಾನೂನುಗಳಲ್ಲಿ ಒಂದು 1850ರ ಅಪ್ರೆಂಟಿಸ್ ಕಾಯ್ದೆ. ಹತ್ತರಿಂದ ಹದಿನೆಂಟು ವರ್ಷದ ಅನಾಥ, ಬಡ ಮಕ್ಕಳನ್ನು ಕಸುಬು ಕಲಿಯಲು ಒಬ್ಬ ಯಜಮಾನನ ಹತ್ತಿರ ಕರಾರಿನ ಮೇಲೆ ಬಿಡಬಹುದು. ಮಗು ಯಾರದೋ ಮನೆಯಲ್ಲಿ ಕೆಲಸಕ್ಕೆ ನೆಲೆಯಾದರೆ ಸಾಕು, ಸರ್ಕಾರದ ಚಿಂತೆ ಮುಗಿಯಿತು.

ಆಮೇಲೆ ಬಂತು ಧಾತು-ಈಶ್ವರ ಸಂವತ್ಸರಗಳ ಬರ, 1876ರಿಂದ 78. ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ ಬಹಳ ಸೊರಗಿದ ಸೀಮೆಗಳಲ್ಲಿ ನಮ್ಮ ಬಳ್ಳಾರಿಯೂ ಒಂದು. ಹಡಗಲಿ, ಕೂಡ್ಲಿಗಿ, ಹರಪನಹಳ್ಳಿ ಎಲ್ಲ ಆಗ ಇದ್ದದ್ದು ಮದ್ರಾಸಿನ ಕೆಳಗೇ. ಅಪ್ಪ ಅವ್ವ ಸತ್ತು ಗಂಜಿ ಕೇಂದ್ರಗಳಲ್ಲಿ ಉಳಿದ ಮಕ್ಕಳನ್ನು ಏನು ಮಾಡುವುದು? ಆ ಬರದಲ್ಲಿ ಬಹಳಷ್ಟು ಮಕ್ಕಳು ಮಿಷನ್‌ಗಳ ಕೈಗೆ ಹೋದರು. ಮೈಸೂರು ಸೀಮೆಯ ತುಮಕೂರು, ಹಾಸನಗಳಲ್ಲಿ ವೆಸ್ಲಿಯನ್ ಮಿಷನ್ನಿನ ಅನಾಥಾಲಯಗಳು ಹುಟ್ಟಿದ್ದೇ ಹೀಗೆ. 1880ರ ಕ್ಷಾಮ ಆಯೋಗದ ನಂತರ ಪ್ರಾಂತ್ಯಗಳು ಕ್ಷಾಮ ಸಂಹಿತೆಗಳನ್ನು ಬರೆದುಕೊಂಡವು. ಅವುಗಳಲ್ಲಿ ಅನಾಥ ಮಕ್ಕಳಿಗೂ ನಿಯಮಗಳು ಬಂದವು. ಮೊದಲು ಸಂಬಂಧಿಕರು, ಅವರಿಲ್ಲದಿದ್ದರೆ ಅದೇ ಜಾತಿ-ಧರ್ಮದ ಗೌರವಸ್ಥರು, ಅವರೂ ಇಲ್ಲದಿದ್ದರೆ ಸಂಸ್ಥೆಗಳು.

ಇಲ್ಲಿ ಒಂದು ಸೂಕ್ಷ್ಮ ಇದೆ ನೋಡಿ. 1897 ಮತ್ತು 1899-1900ರ ಬರಗಳ ಹೊತ್ತಿಗೆ ಉತ್ತರದಲ್ಲಿ ಲಾಲಾ ಲಜಪತರಾಯರು ಹಿಂದೂ ಅನಾಥ ಮಕ್ಕಳಿಗಾಗಿ ಚಳವಳಿಯನ್ನೇ ಕಟ್ಟಿದರು, 1901ರ ಕ್ಷಾಮ ಆಯೋಗದ ಮುಂದೆ ಸಾಕ್ಷಿಯನ್ನೂ ಹೇಳಿದರು. ಮಕ್ಕಳು ಮಿಷನ್ನಿಗೋ, ಆರ್ಯಸಮಾಜಕ್ಕೋ ಅಂತ ಜಗ್ಗಾಟ. ಎಲ್ಲರ ಪ್ರಶ್ನೆಯೂ "ಈ ಮಗು ಯಾರಿಗೆ ಸೇರಿದ್ದು?" ಅನ್ನುವುದೇ. ಅಲ್ಲಿ ಹೋದ ಮೇಲೆ ಮಗು ಹೇಗಿದೆ, ಎಲ್ಲಿ ಮಲಗುತ್ತದೆ, ಯಾರು ಹೊಡೆಯುತ್ತಾರೆ ಅಂತ ತಪಾಸಣೆ ಮಾಡಲು ಒಂದು ಪರವಾನಗಿ ಕಾನೂನು ಆಗ ಇರಲಿಲ್ಲ.

ಆ ಇನ್ನೊಂದು ಪ್ರಶ್ನೆ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಅದೂ ಒಂದು ಭೀಕರ ಕಥೆಯಿಂದ. ದುಡ್ಡು ತಗೊಂಡು ಹಸುಗೂಸುಗಳನ್ನು ಸಾಕುತ್ತೇವೆ ಅಂತ ಪತ್ರಿಕೆಯಲ್ಲಿ ಜಾಹೀರಾತು ಕೊಡುವ ಹೆಂಗಸರಿದ್ದರು. ಕೂಸು ಬೇಗ ಸತ್ತಷ್ಟೂ ಲಾಭ. 1870ರಲ್ಲಿ ಮಾರ್ಗರೆಟ್ ವಾಟರ್ಸ್ ಎಂಬಾಕೆಯನ್ನು ಇದೇ ಅಪರಾಧಕ್ಕೆ ಗಲ್ಲಿಗೇರಿಸಿದರು. ಎರಡು ವರ್ಷಕ್ಕೆ, 1872ರಲ್ಲಿ, ಒಂದಕ್ಕಿಂತ ಹೆಚ್ಚು ಕೂಸುಗಳನ್ನು ಹಣಕ್ಕೆ ಸಾಕುವವರು ನೋಂದಾಯಿಸಿಕೊಳ್ಳಬೇಕು ಅಂತ ಕಾಯ್ದೆ ಬಂತು. ಆದರೆ ದೊಡ್ಡ ದೊಡ್ಡ ಧರ್ಮಾರ್ಥ ಅನಾಥಾಲಯಗಳಿಗೆ ಅದು ತಟ್ಟಲಿಲ್ಲ! ದಾನದಿಂದ ನಡೆಯುವ ಮನೆಗಳೆಲ್ಲ ಕಡ್ಡಾಯವಾಗಿ ನೋಂದಣಿ ಆಗಬೇಕು ಅಂತ ಅಲ್ಲಿ ಕಾನೂನಾಗಿದ್ದು 1948ರಲ್ಲಿ. ಅದಕ್ಕೂ 1945ರಲ್ಲಿ ಡೆನ್ನಿಸ್ ಓನೀಲ್ ಎಂಬ ಹನ್ನೆರಡು ವರ್ಷದ ಹುಡುಗ ಸಾಕುಮನೆಯಲ್ಲಿ ಹೊಡೆತ ತಿಂದು ಸಾಯಬೇಕಾಯಿತು. ದುಡ್ಡಿಗೆ ಸಾಕುವವರ ಮೇಲೆ ಸಂಶಯ, ಪುಣ್ಯಕ್ಕೆ ಸಾಕುವವರ ಮೇಲೆ ನಂಬಿಕೆ. ಇದು ನಮ್ಮ ದೇಶದ ಗುಣ ಮಾತ್ರ ಅಲ್ಲ ಅಂತಾಯ್ತು.

ಭಾರತದಲ್ಲಿ ಮಕ್ಕಳಿಗೆ ಅಂತಲೇ ಮೊದಲು ಕಾಯ್ದೆ ಮಾಡಿದ್ದು ಮದ್ರಾಸು, 1920ರಲ್ಲಿ. ಬಂಗಾಳ 1922ರಲ್ಲಿ, ಮುಂಬೈ 1924ರಲ್ಲಿ ಹಿಂದೆ ಬಂದವು. ಹಾಗಾಗಿ ನಮ್ಮ ಸೀಮೆಯ ಮಕ್ಕಳಿಗೆ ಅನ್ವಯವಾದ ಮೊದಲ ಮಕ್ಕಳ ಕಾಯ್ದೆ ಮದ್ರಾಸಿನದು. ಇಂಗ್ಲೆಂಡಿನ 1908ರ ಕಾಯ್ದೆಯ ಜಾಡಿನಲ್ಲಿ ಬರೆದದ್ದು. ತಪ್ಪು ಮಾಡಿದ ಮಕ್ಕಳನ್ನೂ, ದಿಕ್ಕಿಲ್ಲದ ಮಕ್ಕಳನ್ನೂ ಕೋರ್ಟು "ಸರ್ಟಿಫೈಡ್ ಸ್ಕೂಲು"ಗಳಿಗೆ ಕಳಿಸಬಹುದಿತ್ತು. ಕೋರ್ಟು ಕಳಿಸಿದ ಮಗು ಬೇಕು ಅಂದರೆ ಶಾಲೆ ಸರ್ಕಾರದ ಸರ್ಟಿಫಿಕೇಟು ಪಡೆಯಬೇಕು, ತಪಾಸಣೆಗೆ ಒಪ್ಪಬೇಕು. ಕೋರ್ಟಿನ ಸಹವಾಸವೇ ಬೇಡ ಅಂದವರನ್ನು ಕೇಳುವವರಿಲ್ಲ.

ಆಗಿನ ನಕಾಶೆ ನೆನೆಸಿಕೊಂಡರೆ ನಗು ಬರುತ್ತದೆ. ಹಿರೇಹಡಗಲಿಯಿಂದ ಪಶ್ಚಿಮಕ್ಕೆ ಹೋಗಿ ತುಂಗಭದ್ರೆ ದಾಟಿದರೆ ಮುಂಬೈ ಸರ್ಕಾರ. ಹೊಳೆಯ ಜೊತೆಗೇ ಕೆಳಗೆ ಹೋದರೆ ಕೊಪ್ಪಳದ ಕಡೆ ನಿಜಾಮನ ರಾಜ್ಯ. ದಕ್ಷಿಣಕ್ಕೆ ದಾವಣಗೆರೆ ಕಡೆ ಮೈಸೂರು ಮಹಾರಾಜರು. ತಪ್ಪಿಸಿಕೊಂಡ ಹುಡುಗ ತೆಪ್ಪ ಹತ್ತಿದರೆ ಕಾನೂನೇ ಬದಲು! 1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಬಂದವು, 1956ರಲ್ಲಿ ಉಳಿದ ಕನ್ನಡ ಸೀಮೆಗಳೂ ಸೇರಿದವು. ಆದರೂ ಒಂದೇ ರಾಜ್ಯದೊಳಗೆ ಮದ್ರಾಸಿನ 1920ರದ್ದು, ಮುಂಬೈನ 1948ರದ್ದು, ಹೈದರಾಬಾದಿನ 1951ರದ್ದು ಹೀಗೆ ಬೇರೆ ಬೇರೆ ಮಕ್ಕಳ ಕಾಯ್ದೆಗಳು. ಇಡೀ ರಾಜ್ಯಕ್ಕೆ ಒಂದು ಅಂತ ಬಂದಿದ್ದು 1964ರ ಮೈಸೂರು ಮಕ್ಕಳ ಕಾಯ್ದೆ.

ಈಗ ನನಗೆ ಬಹಳ ಖುಷಿ ಕೊಟ್ಟ ಸಂಗತಿ. ಖಾಸಗಿ ಅನಾಥಾಲಯಗಳಿಗೆ ಪರವಾನಗಿ ಬೇಕು ಅಂತ ಸ್ವತಂತ್ರ ಭಾರತದಲ್ಲಿ ಎರಡು ಕಾನೂನು ಬಂದವು: 1956ರ ಮಹಿಳಾ ಮತ್ತು ಮಕ್ಕಳ ಸಂಸ್ಥೆಗಳ (ಪರವಾನಗಿ) ಕಾಯ್ದೆ, 1960ರ ಅನಾಥಾಲಯ ಮತ್ತಿತರ ಧರ್ಮಾರ್ಥ ನಿಲಯಗಳ (ಮೇಲ್ವಿಚಾರಣೆ ಮತ್ತು ನಿಯಂತ್ರಣ) ಕಾಯ್ದೆ. ಎರಡನ್ನೂ ತಂದದ್ದು ಮಂತ್ರಿಗಳಲ್ಲ! ಎರಡೂ ಖಾಸಗಿ ಸದಸ್ಯರ ಮಸೂದೆಗಳು. ಮೊದಲನೆಯದು ಟೆಹ್ರಿ ಗಢವಾಲದ ರಾಜಮಾತೆ ಕಮಲೇಂದುಮತಿ ಶಾ ಅವರದು, 1952ರಲ್ಲಿ ಪಕ್ಷೇತರರಾಗಿ ಗೆದ್ದು ಲೋಕಸಭೆಗೆ ಬಂದವರು. ಎರಡನೆಯದು ರಾಜ್ಯಸಭೆಯ ಕೈಲಾಸ್ ಬಿಹಾರಿ ಲಾಲ್ ಅವರದು. ನಮ್ಮ ಸಂಸತ್ತಿನಲ್ಲಿ ಇಲ್ಲಿಯವರೆಗೆ ಕಾನೂನಾದ ಖಾಸಗಿ ಸದಸ್ಯರ ಮಸೂದೆಗಳು ಬರೀ ಹದಿನಾಲ್ಕು, 1970ರ ನಂತರ ಒಂದೂ ಇಲ್ಲ. ಆ ಹದಿನಾಲ್ಕರಲ್ಲಿ ಎರಡು ಇವು. ಸರ್ಕಾರಕ್ಕೆ ತಾನಾಗೇ ಹೊಳೆಯದಿದ್ದದ್ದು ಇಬ್ಬರು ಸಾಮಾನ್ಯ ಸದಸ್ಯರಿಗೆ ಹೊಳೆದಿತ್ತು.

1956ರದ್ದು ನೇರ ಇದೆ: ಲೈಸೆನ್ಸ್ ಇಲ್ಲದೆ ಇಂಥ ಸಂಸ್ಥೆ ತೆರೆಯುವಂತಿಲ್ಲ, ನಡೆಸುವಂತಿಲ್ಲ. 1960ರದ್ದು ಇನ್ನೂ ದೊಡ್ಡ ಕನಸು. ರಾಜ್ಯಕ್ಕೊಂದು ನಿಯಂತ್ರಣ ಮಂಡಳಿ, ಅದರಲ್ಲಿ ಶಾಸಕರು, ನಿಲಯಗಳನ್ನು ನಡೆಸುವವರು, ಸಮಾಜ ಕಲ್ಯಾಣದ ಅಧಿಕಾರಿ, ಪ್ರತಿ ನಿಲಯಕ್ಕೂ ಮಾನ್ಯತಾ ಪತ್ರ. ಮೀರಿದವರಿಗೆ ಮೂರು ತಿಂಗಳ ಸಜೆ ಅಥವಾ 250 ರೂಪಾಯಿವರೆಗೆ ದಂಡ. ಆದರೆ ಎರಡೂ ಜಾರಿಗೆ ಬರುವುದು ಆಯಾ ರಾಜ್ಯ ಅಧಿಸೂಚನೆ ಹೊರಡಿಸಿದಾಗ.

ಮತ್ತೆ ಎರಡರಲ್ಲೂ ಕೊನೆಗೆ ಒಂದು ವಿನಾಯಿತಿ. ವಿದ್ಯಾಸಂಸ್ಥೆಗೆ ಸೇರಿದ, ಅದರ ಹಿಡಿತದಲ್ಲಿರುವ ಅಥವಾ ಅದು ಮಾನ್ಯ ಮಾಡಿದ ಹಾಸ್ಟೆಲು, ಬೋರ್ಡಿಂಗುಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ! ಇದನ್ನು ಓದಿದಾಗ ಆ ಮ್ಯಾನೇಜರರ ನಗು ನೆನಪಾಯಿತು. ಅವರ ಪಾಠ ಪಕ್ಕಾ ಇತ್ತು.

ಹಾಗಂತ ಆ ವಿನಾಯಿತಿ ತಪ್ಪು ಅಂತ ಥಟ್ಟನೆ ಹೇಳಲಾರೆ. ಕಾರಣ ನಮ್ಮಪ್ಪ. ನಮ್ಮಪ್ಪ ಹೈಸ್ಕೂಲು ಓದಿದ್ದು ಒಂದು ಮಠದ ಉಚಿತ ಪ್ರಸಾದ ನಿಲಯದಲ್ಲಿ ಉಂಡು. ನಮ್ಮಜ್ಜನಿಗೆ ಇದ್ದದ್ದು ಎರಡೆಕರೆ ಬೆದ್ದಲು, ಮನೆಯಲ್ಲಿ ಆರು ಮಕ್ಕಳು. ಆ ಅನ್ನ ಇಲ್ಲದಿದ್ದರೆ ಅಪ್ಪ ಗುಮಾಸ್ತನಾಗುತ್ತಿರಲಿಲ್ಲ, ನಾನು ಇಲ್ಲಿ ಕೂತು ಕೀಬೋರ್ಡು ಕುಟ್ಟುತ್ತಿರಲಿಲ್ಲ. ಅಪ್ಪನನ್ನು ಕೇಳಿದೆ, "ಆಗ ಯಾರಾದ್ರೂ ಸಾಹೇಬ್ರು ಬಂದು ನೋಡ್ತಿದ್ರೇನಪ್ಪಾ?" "ಯಾವ ಸಾಹೇಬ? ಅಜ್ಜಾರು ದಿನಾ ಪಂಕ್ತ್ಯಾಗ ಬಂದು ನೋಡ್ತಿದ್ರು, ಸಾಕಾಗಿತ್ತು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಒಬ್ಬ ವಾರ್ಡನ್ ಇದ್ದ, ಬಾಳ ಬಡೀತಿದ್ದ. ಯಾರಿಗೆ ಹೇಳಬೇಕಿತ್ತು?" ಅಂತಲೂ ಅಂದರು. ಎರಡೂ ಮಾತು ಒಂದೇ ಮನುಷ್ಯನ ಬಾಯಿಂದ, ಐದು ನಿಮಿಷದೊಳಗೆ.

ಸಿದ್ಧಗಂಗೆಯ ದಾಸೋಹ ಎಲ್ಲರಿಗೂ ಗೊತ್ತು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳು, ಅವರಾದ ಮೇಲೆ 2010ರವರೆಗೆ ಪುಟ್ಟರಾಜ ಗವಾಯಿಗಳು ಅಂಧ, ಅನಾಥ ಮಕ್ಕಳಿಗೆ ಅನ್ನದ ಜೊತೆ ಸಂಗೀತವನ್ನೂ ಕೊಟ್ಟರು. ಇವು ಯಾವುದೂ ಲೈಸೆನ್ಸಿನಿಂದ ಹುಟ್ಟಿದ್ದಲ್ಲ. ಆದರೆ ಪುಟ್ಟರಾಜರಂಥವರು ಎಷ್ಟು ಜನ ಹುಟ್ಟುತ್ತಾರೆ ಹೇಳಿ? ಹೆಸರಿಗೆ ಅದೇ ಬೋರ್ಡು, ಒಳಗೆ ಬೇರೆ ಲೆಕ್ಕ ಇರುವ ಮನೆಗೂ ಅದೇ ವಿನಾಯಿತಿ ಸಿಕ್ಕಿಬಿಡುತ್ತದೆ.

ನಮ್ಮ ಸೀಮೆಯಲ್ಲಿ ಮಕ್ಕಳು ಮನೆ ಬಿಟ್ಟು ಇಂಥ ಮನೆಗಳಿಗೆ ಸೇರುವುದಕ್ಕೆ ಅನಾಥರಾಗುವುದೇನೂ ಬೇಕಿಲ್ಲ. ಮಳೆ ಕೈಕೊಟ್ಟರೆ ಹಡಗಲಿ, ಕೂಡ್ಲಿಗಿ, ಹರಪನಹಳ್ಳಿಯಿಂದ ಜನ ಗುಳೆ ಹೋಗುತ್ತಾರೆ. ಕಬ್ಬು ಕಡಿಯಲು, ಕಾಫಿ ತೋಟಕ್ಕೆ, ಬೆಂಗಳೂರಿನ ಬಿಲ್ಡಿಂಗುಗಳಿಗೆ. ಮಗುವನ್ನು ಅಜ್ಜಿ ಹತ್ತಿರ ಬಿಡಬೇಕು, ಇಲ್ಲ ಯಾರಾದರೂ "ಓದಿಸ್ತೀವಿ, ಊಟ ಹಾಕ್ತೀವಿ" ಅಂದರೆ ಅವರ ಕೈಗೆ. ಇನ್ನೊಂದು, ಹೇಳಲು ಸಂಕಟವಾಗುವ ಕಾರಣ ದೇವದಾಸಿ ಪದ್ಧತಿ. ಮದ್ರಾಸ್ ಸರ್ಕಾರ 1947ರಲ್ಲೇ ನಿಷೇಧಿಸಿತ್ತು, ಕರ್ನಾಟಕ 1982ರಲ್ಲಿ ಮತ್ತೆ ಕಾಯ್ದೆ ಮಾಡಬೇಕಾಯಿತು. ಆ ತಾಯಂದಿರ ಮಕ್ಕಳಿಗೆ ಶಾಲೆಯ ಫಾರಮ್ಮಿನಲ್ಲಿ "ತಂದೆಯ ಹೆಸರು" ಅನ್ನುವ ಜಾಗವೇ ಒಂದು ಗೋಡೆ. ಹಾಸ್ಟೆಲು ಅವರಲ್ಲಿ ಎಷ್ಟೋ ಮಂದಿಗೆ ಊರಿನಿಂದ ಹೊರಬರುವ ಬಾಗಿಲಾಯಿತು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. 1986ರಲ್ಲಿ ಇಡೀ ದೇಶಕ್ಕೆ ಬಾಲನ್ಯಾಯ ಕಾಯ್ದೆ, 2000ದಲ್ಲಿ ಅದರ ಜಾಗಕ್ಕೆ ಹೊಸದು. 2006ರ ತಿದ್ದುಪಡಿಯಲ್ಲಿ ಮಕ್ಕಳನ್ನಿಟ್ಟುಕೊಂಡ ಎಲ್ಲ ಸಂಸ್ಥೆಗಳೂ ಆರು ತಿಂಗಳಲ್ಲಿ ನೋಂದಣಿ ಆಗಬೇಕು ಅಂತ ಸೇರಿತು. ಆದರೆ ಆಗದವರಿಗೆ ಹೇಳಿಕೊಳ್ಳುವಂಥ ಶಿಕ್ಷೆ ಇರಲಿಲ್ಲ. 2015ರ ಕಾಯ್ದೆಯಲ್ಲಿ ಹಲ್ಲು ಬಂತು: ನೋಂದಣಿ ಇಲ್ಲದಿದ್ದರೆ ಒಂದು ವರ್ಷದವರೆಗೆ ಸಜೆ, ಇಲ್ಲವೇ ಕನಿಷ್ಠ ಒಂದು ಲಕ್ಷ ದಂಡ, ಇಲ್ಲವೇ ಎರಡೂ. ಮೂವತ್ತು ದಿನ ತಡವಾದರೆ ಅದು ಇನ್ನೊಂದು ಅಪರಾಧ. ನೋಂದಣಿ ಐದು ವರ್ಷಕ್ಕೆ ಮಾತ್ರ. ತಪಾಸಣಾ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಬರಬೇಕು, ಅದರಲ್ಲಿ ಒಬ್ಬ ಮಹಿಳೆ, ಒಬ್ಬ ವೈದ್ಯಾಧಿಕಾರಿ ಇರಲೇಬೇಕು. ಮುಖ್ಯವಾಗಿ, ರಕ್ಷಣೆ ಬೇಕಾದ ಮಕ್ಕಳನ್ನು "ಪೂರ್ತಿಯಾಗಿ ಅಥವಾ ಭಾಗಶಃ" ಇಟ್ಟುಕೊಳ್ಳುವ ಯಾವ ಮನೆಯಾದರೂ ಸೈ, ಸರ್ಕಾರದ ದುಡ್ಡು ತಗೊಳ್ಳಲಿ ಬಿಡಲಿ, ಇದರೊಳಗೆ ಬರುತ್ತದೆ. "ಭಾಗಶಃ" ಅನ್ನುವ ಆ ಒಂದು ಪದ ಸೇರಿಸಿದವರಿಗೆ ನನ್ನದೊಂದು ನಮಸ್ಕಾರ. ಹಾಸ್ಟೆಲ್ ಅನ್ನುವ ಕೊಡೆಯ ಕೆಳಗೆ ನಿಲ್ಲುವುದು ಅಲ್ಲಿಂದ ಕಷ್ಟವಾಯಿತು.

ತಮಿಳುನಾಡಿನ ಅನಾಥಾಲಯಗಳಲ್ಲಿ ಮಕ್ಕಳ ಶೋಷಣೆಯ ಬಗ್ಗೆ 2007ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಪ್ರಕರಣದ ತೀರ್ಪು ಬಂದಿದ್ದು 2017ರ ಮೇ 5ಕ್ಕೆ. ನ್ಯಾಯಮೂರ್ತಿಗಳಾದ ಮದನ್ ಲೋಕೂರ್ ಮತ್ತು ದೀಪಕ್ ಗುಪ್ತಾ ಆ ವರ್ಷದ ಕೊನೆಯೊಳಗೆ ಎಲ್ಲ ಸಂಸ್ಥೆಗಳ ನೋಂದಣಿ ಮುಗಿಸಿ ಅಂದರು. ಕೇಂದ್ರ ಸರ್ಕಾರ ಮಾಡಿಸಿದ ಎಣಿಕೆಯಲ್ಲಿ ಸಿಕ್ಕ ಸಂಸ್ಥೆಗಳು 9,589, ಮಕ್ಕಳು ಸುಮಾರು 3.7 ಲಕ್ಷ. ಬಹುಪಾಲು ಖಾಸಗಿ ಸಂಸ್ಥೆಗಳೇ. ಬಾಲನ್ಯಾಯ ಕಾಯ್ದೆಯಡಿ ಆಗ ನೋಂದಣಿ ಆಗಿದ್ದವು ಮೂರರಲ್ಲಿ ಒಂದು ಭಾಗದಷ್ಟು. ರಾಜಮಾತೆಯ ಕಾಯ್ದೆಗೆ ಆಗಲೇ ಅರವತ್ತು ವರ್ಷ!

2021ರಲ್ಲಿ ಎರಡು ಬದಲಾವಣೆ ಒಟ್ಟಿಗೆ ಬಂದವು. ನಮ್ಮ ತಾಲ್ಲೂಕುಗಳು ವಿಜಯನಗರ ಜಿಲ್ಲೆಯಾದವು. ಅದೇ ವರ್ಷದ ತಿದ್ದುಪಡಿ (ಜಾರಿಗೆ ಬಂದಿದ್ದು 2022ರ ಸೆಪ್ಟೆಂಬರಿನಲ್ಲಿ) ಇಂಥ ಸಂಸ್ಥೆಗಳ ನೋಂದಣಿಗೆ ಮುಂಚೆ ಪರಿಶೀಲಿಸಿ ಶಿಫಾರಸು ಮಾಡುವ ಹೊಣೆಯನ್ನು ಜಿಲ್ಲಾಧಿಕಾರಿಗೆ ಕೊಟ್ಟಿತು. ಪಾಪ, ಹರಪನಹಳ್ಳಿಯ ಫೈಲುಗಳ ಕಥೆ ಕೇಳಬೇಡಿ. 1997ರಲ್ಲಿ ದಾವಣಗೆರೆಗೆ, 2018ರಲ್ಲಿ ವಾಪಸ್ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ. ಮೂರು ಜಿಲ್ಲೆ ನೋಡಿದ ಫೈಲು, ಕೂತಲ್ಲೇ.

ಇಷ್ಟೆಲ್ಲ ಓದಿದ ಮೇಲೆ ಸುಮ್ಮನೆ ಕೂರಲಾಗಲಿಲ್ಲ. ಒಂದು ರಾತ್ರಿ 1098ಕ್ಕೆ ಫೋನ್ ಮಾಡಿ ಕಂಡದ್ದನ್ನು ಹೇಳಿದೆ. ದೂರು ಅಂತಲ್ಲ, ಅವ್ವ ಇರುವ ಹುಡುಗ ಅನಾಥಾಶ್ರಮದ ಬೋರ್ಡಿನ ಕೆಳಗಿದ್ದಾನೆ, ನೋಡಿ ಅಂತ. ನಿಜ ಹೇಳಬೇಕೆಂದರೆ ಫೋನಿಟ್ಟ ಮೇಲೆ ಸ್ವಲ್ಪ ಹೆಮ್ಮೆಯೂ ಆಗಿತ್ತು. ಕೆಲವು ವಾರ ಕಳೆದ ಮೇಲೆ ಗೊತ್ತಾಯಿತು, ಅಧಿಕಾರಿಗಳು ಹೋಗಿ ನೋಡಿದ್ದಾರೆ, ಮಕ್ಕಳನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕರೆತಂದಿದ್ದಾರೆ, ತಂದೆ ತಾಯಿ ಇದ್ದವರನ್ನು ಮನೆಗೆ ಕಳಿಸಿದ್ದಾರೆ. ಕಾನೂನಿನ ಪ್ರಕಾರ ಎಲ್ಲ ಸರಿ. ಮಗುವಿಗೆ ಕುಟುಂಬವೇ ಮೊದಲು, ಸಂಸ್ಥೆ ಕೊನೆಗೆ ಅಂತಲೇ ಕಾಯ್ದೆ ಹೇಳುವುದು.

ಕೊರೋನಾ ಕಾಲದಲ್ಲಿ ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡಿದ್ದರು. 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಲೆಕ್ಕದ ಪ್ರಕಾರ ಸಂಸ್ಥೆಗಳಲ್ಲಿದ್ದ 2,27,518 ಮಕ್ಕಳಲ್ಲಿ 1,45,788 ಮಕ್ಕಳನ್ನು ಮನೆಗಳಿಗೆ ಕಳಿಸಲಾಗಿತ್ತು. ಅಂದರೆ ಹೋಗಲು ಅವರಿಗೆಲ್ಲ ಒಂದು ಮನೆ ಇತ್ತು! ಆ ಮಕ್ಕಳ ಓದಿಗೆ ತಿಂಗಳಿಗೆ 2,000 ರೂಪಾಯಿ ಕೊಡಿ ಅಂತ ಕೋರ್ಟು ರಾಜ್ಯಗಳಿಗೆ ಹೇಳಿತು. ಈಗ ಮಿಷನ್ ವಾತ್ಸಲ್ಯದಲ್ಲಿ ಅರ್ಹ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವದ ಸಹಾಯ ಇದೆ. ಇದೆ ಅಂತ ಗೊತ್ತಿರಬೇಕು, ಅರ್ಜಿ ಹಾಕಬೇಕು, ದಾಖಲೆ ಬೇಕು, ಬ್ಯಾಂಕ್ ಖಾತೆ ಬೇಕು.

ಪರಿಚಯದವರೊಬ್ಬರ ಮೂಲಕ ಆ ಹುಡುಗನ ಅವ್ವ ಕೆಲಸ ಮಾಡುವ ಕಡೆ ಹೋಗಿದ್ದೆ. ಅರ್ಧ ಕಟ್ಟಿದ ಅಪಾರ್ಟ್‌ಮೆಂಟಿನ ಪಕ್ಕ ತಗಡಿನ ಶೆಡ್ಡುಗಳು. ಹುಡುಗ ಶೆಡ್ಡಿನ ಮುಂದೆ ಚಿಕ್ಕ ತಂಗಿಯನ್ನು ಎತ್ತಿಕೊಂಡು ನಿಂತಿದ್ದ, ಶಾಲೆಯ ಹೊತ್ತಿನಲ್ಲಿ. ನನ್ನ ಗುರುತು ಹಿಡಿದು ನಕ್ಕ. ನಾನೇ ಫೋನ್ ಮಾಡಿದ್ದು ಅಂತ ಆಕೆಗೆ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ, ಬೈಯಲಿಲ್ಲ. ಕೈಯಲ್ಲಿನ ಸಿಮೆಂಟು ಸೆರಗಿಗೆ ಒರೆಸಿಕೊಂಡು ಅಂದಳು: "ಒಳ್ಳೇದಕ್ಕ ಮಾಡೀರಿ ಬಿಡ್ರಿ ಅಣ್ಣಾರ. ಆದ್ರ ಅಲ್ಲಿ ಎರಡೊತ್ತು ಉಣ್ತಿದ್ದ, ಸಾಲಿಗೆ ಹೋಗ್ತಿದ್ದ. ಈಗ ನಾ ಮ್ಯಾಲೆ ಹತ್ತಿದ ಕೂಡ್ಲೆ ಇವನ್ನ ಯಾರ್ ನೋಡ್ತಾರ?"

ಪ್ರಾಯೋಜಕತ್ವದ ಅರ್ಜಿ ತುಂಬಿ ಕೊಟ್ಟಿದ್ದೇನೆ. ಆಕೆಯ ಆಧಾರ್ ಕಾರ್ಡಿನಲ್ಲಿರುವುದು ಊರಿನ ವಿಳಾಸ, ಕೆಲಸ ಬೆಂಗಳೂರಿನಲ್ಲಿ. ಹಾಗಾಗಿ ಅರ್ಜಿ ಯಾವ ಜಿಲ್ಲೆಯದು ಅಂತ ಇನ್ನೂ ತೀರ್ಮಾನ ಆಗಿಲ್ಲ. ನಿಮ್ಮಲ್ಲಿ ಯಾರಿಗಾದರೂ ಇಂಥ ಅರ್ಜಿ ಓಡಾಡಿಸಿ ಗೊತ್ತಿದ್ದರೆ ದಯವಿಟ್ಟು ಕಾಮೆಂಟಿನಲ್ಲಿ ತಿಳಿಸಿ. ಹುಡುಗ ಸದ್ಯಕ್ಕೆ ಶೆಡ್ಡಿನಲ್ಲೇ ಇದ್ದಾನೆ.